ಜನವರಿಯ ಮರುಭೂಮಿ ಟೆಂಟ್ ಪ್ರವಾಸ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಜೈಸಲ್ಮೇರ್ ಕಡೆ ನಾವು ಉಳಿಯುವುದು ರೆಸಾರ್ಟ್ ಟೆಂಟಿನಲ್ಲಲ್ಲ. ನಲ್ಲಿ, ಕರೆಂಟ್, ಟಾಯ್ಲೆಟ್ ಯಾವುದೂ ಇಲ್ಲದ ಬಯಲು ಅದು.

ನೀರು ತಲಾ ದಿನಕ್ಕೆ 5 ಲೀಟರ್, ಅಡುಗೆಗೂ ಸೇರಿ. ಜೈಸಲ್ಮೇರ್ ಊರಲ್ಲೇ ಕ್ಯಾನ್ ತುಂಬಿಸಿಕೊಳ್ಳೋಣ. ಸ್ನಾನದ ಮಾತು ಎತ್ತಬೇಡಿ! ಜುಲೈನಲ್ಲಿ ಮಳೆ ಸಾಕಪ್ಪಾ ಅನ್ನುವ ನಮಗೆ ಇದು ಸ್ವಲ್ಪ ಕಷ್ಟವೇ. ತಟ್ಟೆಯನ್ನು ಒಣ ಮರಳಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಮ್ಮ ಕೆಮ್ಮಣ್ಣಿನಲ್ಲಿ ಗಟ್ಟಿಯಾಗಿ ನಿಲ್ಲುವ ಗೂಟ ಮರಳಿನಲ್ಲಿ ಸುಮ್ನೆ ಕಿತ್ತು ಬರುತ್ತದೆ. ಅದಕ್ಕೇ ಪ್ರತಿ ಟೆಂಟಿಗೆ ಆರು ಖಾಲಿ ಅಕ್ಕಿ ಚೀಲ ತನ್ನಿ, 5 ಕೆ.ಜಿ.ಯದ್ದು. ಮರಳು ತುಂಬಿ, ಬಾಯಿ ಬಿಗಿದು, ಟೆಂಟಿನ ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂಳಬೇಕು. ಆಮೇಲೆ ಗಾಳಿ ಬೀಸಿದರೂ ಚಿಂತೆಯಿಲ್ಲ.

ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲಿ. ಮಡಿಕೇರಿ ಚಳಿ ಕಂಡವರು ಅಂತ ಸ್ವೆಟರ್ ಬಿಟ್ಟು ಬರಬೇಡಿ. ಬೆಳಿಗ್ಗೆ ಶೂ ಕೊಡವಿಯೇ ಹಾಕಿ. ಇಲ್ಲಿ ಜಿಗಣೆ, ಅಲ್ಲಿ ಚೇಳು. ಖೇಜ್ರಿ ಮರದ ಕೊಂಬೆ ಮುರಿದು ಬೆಂಕಿ ಹಾಕುವ ಹಾಗಿಲ್ಲ, ಅಲ್ಲಿನವರಿಗೆ ಅದು ಪೂಜೆಯ ಮರ. ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲ, ಸ್ಟವ್ ಅಲ್ಲೇ ಬಾಡಿಗೆಗೆ ತಗೊಳ್ಳೋಣ.

ಕಾಫಿ ಕೊಯ್ಲಿನ ಗಡಿಬಿಡಿ ಇರುವವರು ಈಗಲೇ ಹೇಳಿಬಿಡಿ. ಭಾನುವಾರ ಸಂಜೆಯೊಳಗೆ ಹೆಸರು ಕೊಟ್ಟವರಿಗಷ್ಟೇ ಮೈಸೂರಿನಿಂದ ರೈಲು ಟಿಕೆಟ್.