ಹೊಸ ಬಾಸ್ ಗಿಟಾರ್ ಗರಗುಟ್ಟಿದರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಬಾಸ್ ಬಂದ ಪೆಟ್ಟಿಗೆ ಇನ್ನೂ ಇದೆ ತಾನೆ? ಎಸೆಯಬೇಡ. ಒಳಗಿನ ಥರ್ಮೋಕೋಲ್, ನೆಕ್‌ಗೆ (ಉದ್ದನೆಯ ಹಿಡಿಗೆ) ಸುತ್ತಿದ್ದ ಹಾಳೆ ಎಲ್ಲ ಹಾಗೇ ಇರಲಿ. ನೀನು ಬರೆದ ದೂರುಗಳೆಲ್ಲ ಗೊತ್ತಿರುವಂಥವೇ: ಇ ತಂತಿ (ಎಲ್ಲಕ್ಕಿಂತ ದಪ್ಪದ್ದು) ಗರಗುಟ್ಟುತ್ತದೆ, ಮೊದಲ ಎರಡು ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಶ್ರುತಿ ಏರುತ್ತದೆ, ಫ್ರೆಟ್‌ಗಳ ತುದಿ ಕೈ ತರಚುತ್ತದೆ, ನಾಬ್ ತಿರುಗಿಸಿದರೆ ಕರಕರ ಸದ್ದು. ಇವುಗಳಲ್ಲಿ ಬಹುಪಾಲು ಮನೆಯಲ್ಲೇ ಸರಿಹೋಗುತ್ತವೆ. ಆದರೆ ಇವುಗಳ ನಡುವೆ ಸರಿಹೋಗದ ದೋಷವೊಂದು ಅಡಗಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಅದು ಗೊತ್ತಾಗಬೇಕು. ಹಾಗಾಗಿ ಮೊದಲು ತಪಾಸಣೆ, ರಿಪೇರಿ ಆಮೇಲೆ. ಅಲ್ಲಿಯವರೆಗೆ ಅರ, ಸ್ಯಾಂಡ್‌ಪೇಪರ್ ಮುಟ್ಟಬೇಡ; ಒಮ್ಮೆ ಉಜ್ಜಿದ ವಾದ್ಯವನ್ನು ಯಾವ ಅಂಗಡಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಗ್ಗದ ಬಾಸ್‌ನಲ್ಲಿ ದುಡ್ಡು ಎಲ್ಲಿ ಉಳಿಸುತ್ತಾರೆ ಅನ್ನುವುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಬಾಡಿ, ನೆಕ್, ಫ್ರೆಟ್ ಕೂರುವ ಗೀರುಗಳನ್ನು ಈಗ ಕಂಪ್ಯೂಟರ್ ನಡೆಸುವ ಯಂತ್ರ ಕೊರೆಯುತ್ತದೆ, ಅಲ್ಲಿ ತಪ್ಪು ಕಡಿಮೆ. ಕಡಿತವಾಗುವುದು ಕೈಕೆಲಸದ ಹೊತ್ತು: ಫ್ರೆಟ್‌ಗಳನ್ನು ಒಂದೇ ಮಟ್ಟಕ್ಕೆ ತರುವುದು, ತುದಿ ದುಂಡಗೆ ಮಾಡುವುದು, ನಟ್‌ನ (ನೆಕ್‌ನ ತಲೆಯ ಬಳಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಯ) ಗೀರನ್ನು ಅಳತೆಗೆ ಕೆತ್ತುವುದು, ಕೊನೆಯ ಸೆಟಪ್ ಅಂದರೆ ಹೊಂದಾಣಿಕೆ. ಜೊತೆಗೆ ಮರ ಸಾಕಷ್ಟು ಒಣಗಿರುವುದಿಲ್ಲ. ಒಂದು ಹವೆಯಲ್ಲಿ ತಯಾರಾಗಿ, ಹಡಗಿನಲ್ಲಿ ವಾರಗಟ್ಟಲೆ ಕೂತು, ಇನ್ನೊಂದು ಹವೆಯಲ್ಲಿ ಪೆಟ್ಟಿಗೆಯಿಂದ ಹೊರಬರುತ್ತದೆ. ಒಂದೇ ಮಾಡೆಲ್‌ನ ಎರಡು ಬಾಸ್‌ಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರುವುದು ಇದರಿಂದಲೇ. ಹೆಸರು ನೋಡಿ ತೀರ್ಪು ಕೊಡಬೇಡ, ನಿನ್ನ ಕೈಲಿರುವ ತುಂಡನ್ನು ನೋಡು.

ತಂತಿಗಳನ್ನು ಇ, ಎ, ಡಿ, ಜಿ ಶ್ರುತಿಗೆ ತಂದು ಆಮೇಲೆ ನೋಡಲು ಶುರುಮಾಡು. ಸಡಿಲ ತಂತಿಯಲ್ಲಿ ಯಾವ ಅಳತೆಯೂ ನಿಜವಲ್ಲ, ಏಕೆಂದರೆ ನಾಲ್ಕು ತಂತಿಗಳು ಸೇರಿ ಎಪ್ಪತ್ತು ಕಿಲೋ ಆಸುಪಾಸು ಎಳೆಯುತ್ತವೆ, ನೆಕ್ ಆ ಎಳೆತದಲ್ಲೇ ತನ್ನ ಆಕಾರಕ್ಕೆ ಬರುತ್ತದೆ. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವಲ್ಲಿ ಇ ತಂತಿಯನ್ನು ಒತ್ತಿ ಹಿಡಿ. ಏಳನೇ ಅಥವಾ ಎಂಟನೇ ಫ್ರೆಟ್‌ನ ತಲೆಗೂ ತಂತಿಯ ತಳಕ್ಕೂ ಇರುವ ಸಂದಿಯೇ ರಿಲೀಫ್. 0.3ರಿಂದ 0.4 ಮಿ.ಮೀ. ಇದ್ದರೆ ಸರಿ. ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು, ಅಂದರೆ ಫೀಲರ್ ಗೇಜ್, ಇಲ್ಲದಿದ್ದರೆ ಪ್ರಿಂಟರ್‌ನ ಸಾಧಾರಣ ಹಾಳೆ ಸುಮಾರು 0.1 ಮಿ.ಮೀ.; ಮೂರು ನಾಲ್ಕು ಪದರ ತೂರಬೇಕು. ಇದನ್ನೇ ಜಿ ತಂತಿಯ ಕೆಳಗೂ ಅಳೆ. ಒಂದು ಕಡೆ ಸಂದಿ ಚೆನ್ನಾಗಿ ಕಂಡು ಇನ್ನೊಂದು ಕಡೆ ಇಲ್ಲವೇ ಇಲ್ಲ ಅಂದರೆ ನೆಕ್ ತಿರುಚಿಕೊಂಡಿದೆ. ಅದಕ್ಕೆ ಮದ್ದಿಲ್ಲ, ವಾಪಸ್.

ಎರಡನೆಯದು ಟ್ರಸ್ ರಾಡ್, ನೆಕ್‌ನ ಬಾಗು ಹೊಂದಿಸುವ ಒಳಗಿನ ಲೋಹದ ಸರಳು. ಅದನ್ನು ತಿರುಗಿಸುವ ಆರು ಮೂಲೆಯ ಅಲೆನ್ ಕೀ ಗಟ್ಟಿಯಾಗಿ ಕೂರಬೇಕು. ರಾಡ್‌ನ ತುದಿಯಲ್ಲಿರುವ, ಅಂಗುಲದ ಅಳತೆಯ ತಿರುಗಿಸುವ ನಟ್‌ಗೆ ಮಿ.ಮೀ. ಕೀ ತುರುಕಿ ಒಳಮೂಲೆ ಸವೆಸಿಬಿಡುವವರು ಬಹಳ ಜನ. ಉದಾಹರಣೆಗೆ 3/16 ಅಂಗುಲ ಅಂದರೆ 4.76 ಮಿ.ಮೀ., ಅದಕ್ಕೆ 5ರ ಕೀ ಹೋಗುವುದಿಲ್ಲ, 4.5ರದ್ದು ಜಾರುತ್ತದೆ. ಪೆಟ್ಟಿಗೆಯಲ್ಲಿ ಬಂದ ಕೀ ಇದ್ದರೆ ಅದನ್ನೇ ಬಳಸು. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ನೆಕ್ ನೆಟ್ಟಗಾಗಿ ಸಂದಿ ಕಡಿಮೆಯಾಗುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ಮರ ಕೆಲವು ಗಂಟೆ ತೆಗೆದುಕೊಂಡು ನಿಧಾನಕ್ಕೆ ಕೂರುವುದರಿಂದ ಮರುದಿನ ಇನ್ನೊಮ್ಮೆ ನೋಡು. ಕೀ ತಿರುಗುತ್ತಲೇ ಇದ್ದು ಸಂದಿ ಬದಲಾಗದಿದ್ದರೆ, ಅಥವಾ ರಾಡ್‌ನ ನಟ್ ಆಗಲೇ ಕೊನೆ ಮುಟ್ಟಿ ನಿಂತಿದ್ದರೆ, ಅದೂ ವಾಪಸ್ ಕೊಡುವ ಮಾಲು.

ಮೂರನೆಯದು ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿರುವ ಲೋಹದ ತುಂಡು) ಕೂತ ಜಾಗ. 34 ಅಂಗುಲದ ಸ್ಕೇಲ್ (ತಂತಿಯ ನುಡಿಯುವ ಉದ್ದ) ಅಂದರೆ 864 ಮಿ.ಮೀ. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ 432 ಬರಬೇಕು. ಅಲ್ಲಿಂದ ಜಿ ತಂತಿಯ ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ಸರಿದಾಡುವ ತುಂಡಿಗೆ) ಅದಕ್ಕಿಂತ ಒಂದೆರಡು ಮಿ.ಮೀ. ಹೆಚ್ಚು, ಇ ತಂತಿಯ ಸ್ಯಾಡಲ್ ಇನ್ನೂ ಹಿಂದೆ. ಸ್ಯಾಡಲ್ ಸ್ಕ್ರೂ ಕೊನೆ ಮುಟ್ಟಿದರೂ ಆ ಜಾಗಕ್ಕೆ ಬಾರದಿದ್ದರೆ ಬ್ರಿಡ್ಜ್‌ನ ತೂತುಗಳನ್ನೇ ತಪ್ಪಾಗಿ ಕೊರೆದಿದ್ದಾರೆ. ಹಾಗೇ ಕೊನೆಯ ಫ್ರೆಟ್ ಬಳಿ ಇ ಮತ್ತು ಜಿ ತಂತಿಗಳು ನೆಕ್‌ನ ಅಂಚಿನಿಂದ ಸಮ ದೂರದಲ್ಲಿವೆಯೇ ನೋಡು. ಒಂದು ಕಡೆ ವಾಲಿದ್ದರೆ ಗಾಬರಿ ಬೇಡ. ತಂತಿ ಸ್ವಲ್ಪ ಇಳಿಸಿ, ನೆಕ್‌ನ ನಾಲ್ಕು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ನೆಕ್ಕನ್ನು ಬೇಕಾದ ಕಡೆಗೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿದರೆ ಹೆಚ್ಚಿನ ಸಲ ನೇರವಾಗುತ್ತದೆ. ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ತಲೆಭಾಗ) ಬಾಗುವಲ್ಲಿ ಬಿರುಕು ಕಂಡರೆ ಮಾತ್ರ ಚರ್ಚೆಯೇ ಬೇಡ, ವಾಪಸ್. ನೆಕ್ ಕೂರುವ ಗೂಡಿನ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರಿದ್ದರೆ ಸಾಮಾನ್ಯವಾಗಿ ಅದು ಬಣ್ಣದ ಪದರದ್ದಷ್ಟೇ, ಆದರೂ ಫೋಟೋ ತೆಗೆದಿಡು. ಅಳತೆಯ ಫೋಟೋಗಳಲ್ಲಿ ಸ್ಟೀಲ್ ಸ್ಕೇಲ್ ಜೊತೆಗೇ ಕಾಣಲಿ, "ಸರಿಯಿಲ್ಲ" ಅನ್ನುವುದಕ್ಕಿಂತ "ಇಷ್ಟು ಮಿ.ಮೀ. ತಪ್ಪಿದೆ" ಅಂದರೆ ಮಾರಿದವರು ಬೇಗ ಒಪ್ಪುತ್ತಾರೆ.

ಇಷ್ಟೂ ಪಾಸಾದರೆ ಬಾಸ್ ಇಟ್ಟುಕೋ. ಇನ್ನು ಗರಗುಟ್ಟುವ ವಿಷಯ.

ಮೊದಲು ಆಂಪ್ಲಿಫೈಯರ್‌ಗೆ (ಆಂಪ್) ಹಾಕಿ ಕೇಳು. ದಪ್ಪ ತಂತಿ ಫ್ರೆಟ್‌ಗೆ ತಾಗಿ ಬರುವ ಲೋಹದ ಸದ್ದು ಬಾಸ್‌ನಲ್ಲಿ ಸ್ವಲ್ಪ ಇರುವುದೇ; ಆಂಪ್‌ನಲ್ಲಿ ಕೇಳದಿದ್ದರೆ, ಸ್ವರ ಸಾಯದಿದ್ದರೆ, ಅದು ದೋಷವಲ್ಲ. ಕೇಳಿಸಿದರೆ ಎಲ್ಲೆಲ್ಲಿ ಅನ್ನುವುದನ್ನು ಬರೆದುಕೋ. ಜಾಗವೇ ಕಾರಣ ಹೇಳುತ್ತದೆ. ತೆರೆದ ತಂತಿಯಲ್ಲಿ ಮಾತ್ರ ಆದರೆ ನಟ್‌ನ ಗೀರು ಆಳವಾಗಿದೆ. ಒಂದರಿಂದ ಐದನೇ ಫ್ರೆಟ್‌ವರೆಗೆ ಆದರೆ ರಿಲೀಫ್ ಕಡಿಮೆ, ನೆಕ್ ಹಿಂದಕ್ಕೆ ಬಾಗಿದೆ. ಹನ್ನೆರಡರಿಂದ ಆಚೆಗೆ ಆದರೆ ಆ್ಯಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ತಗ್ಗಿದೆ, ಇಲ್ಲವೇ ನೆಕ್‌ನ ಕೊನೆ ಮೇಲಕ್ಕೆ ಎದ್ದಿದೆ. ಒಂದೇ ಫ್ರೆಟ್‌ನಲ್ಲಿ ಆದರೆ ತಪ್ಪು ಒತ್ತಿದ ಫ್ರೆಟ್‌ನದಲ್ಲ, ಅದರ ಮುಂದಿನದ್ದು ಎತ್ತರವಾಗಿದೆ. ಎಲ್ಲಿ ಒತ್ತಿದರೂ ಒಂದೇ ಥರ ಝರಝರ ಅಂದರೆ ಫ್ರೆಟ್ ಬಿಟ್ಟು ಬ್ರಿಡ್ಜ್ ನೋಡು: ಸ್ಯಾಡಲ್‌ನ ಎರಡು ಕಾಲು ಸ್ಕ್ರೂಗಳಲ್ಲಿ ಒಂದು ತಳ ಮುಟ್ಟದೆ ತೂಗಾಡುತ್ತಿರುತ್ತದೆ, ಅಥವಾ ಸ್ಪ್ರಿಂಗ್ ಅದುರುತ್ತಿರುತ್ತದೆ, ಅಥವಾ ಟ್ಯೂನಿಂಗ್ ಕೀಯ ಸ್ಕ್ರೂ ಸಡಿಲ.

ಹೊಂದಿಸುವ ಕ್ರಮ ಮುಖ್ಯ: ರಿಲೀಫ್, ಆ್ಯಕ್ಷನ್, ನಟ್, ಕೊನೆಗೆ ಇಂಟೋನೇಶನ್, ಅಂದರೆ ಫ್ರೆಟ್‌ಗಳಲ್ಲಿ ಶ್ರುತಿ ಸರಿ ಬರುವಂತೆ ಸ್ಯಾಡಲ್ ಸರಿಸುವುದು. ಹಿಂದಿನದನ್ನು ಮುಟ್ಟಿದರೆ ಮುಂದಿನದೆಲ್ಲ ಬದಲಾಗುತ್ತದೆ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ತಳಕ್ಕೆ ಇ ಕಡೆ 2.5 ಮಿ.ಮೀ., ಜಿ ಕಡೆ 2 ಮಿ.ಮೀ. ಇಟ್ಟು ಶುರುಮಾಡು. ಆಮೇಲೆ ನಿನ್ನ ಬೆರಳಿನ ಭಾರ ನೋಡಿ ಇಳಿಸು. ಸ್ಯಾಡಲ್ ಪೂರ್ತಿ ಕೆಳಗಿಳಿದರೂ ತಂತಿ ಎತ್ತರವೇ ಇದ್ದರೆ ನೆಕ್ ಕೂತ ಕೋನ ಸರಿಯಿಲ್ಲ. ತಂತಿ ಸಡಿಲಿಸಿ, ನೆಕ್ ಬಿಚ್ಚಿ, ಗೂಡಿನಲ್ಲಿ ಬ್ರಿಡ್ಜ್ ಕಡೆಯ ತುದಿಗೆ ಅರ್ಧ ಮಿ.ಮೀ. ದಪ್ಪದ ಗಟ್ಟಿ ರಟ್ಟಿನ ಪಟ್ಟಿ ಇಡು. ಅಷ್ಟಕ್ಕೇ ಸ್ಯಾಡಲ್‌ಗೆ ಎರಡು ಮಿ.ಮೀ. ಆಸುಪಾಸು ಜಾಗ ಸಿಗುತ್ತದೆ. ನೆಕ್ ಸ್ಕ್ರೂ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ ಮರದಲ್ಲಿನ ಹಳೆಯ ಸುರುಳಿ ಗೀರಿಗೇ ಬಿದ್ದದ್ದು ಕೈಗೆ ತಿಳಿದ ಮೇಲೆ ಬಿಗಿ ಮಾಡು, ಇಲ್ಲದಿದ್ದರೆ ಮೆದು ಮರದ ತೂತು ಹಾಳಾಗುತ್ತದೆ.

ಎತ್ತರದ ಫ್ರೆಟ್ ಹುಡುಕಲು ಮೂರೇ ಫ್ರೆಟ್‌ಗಳ ಮೇಲೆ ಕೂರುವಷ್ಟು ಉದ್ದದ ನೇರ ಲೋಹದ ಅಂಚು ಬೇಕು. ನಡುವಿನದ್ದು ಎತ್ತರವಿದ್ದರೆ ಅದು ತಕ್ಕಡಿ ಆಡುತ್ತದೆ. ಕೂಡಲೇ ಅರ ಹಿಡಿಯಬೇಡ. ಹೊಸ ಬಾಸ್‌ನಲ್ಲಿ ಎತ್ತರ ಕಾಣುವ ಫ್ರೆಟ್ ಎಷ್ಟೋ ಸಲ ಗೀರಿನಲ್ಲಿ ಪೂರ್ತಿ ಕೂತಿರುವುದಿಲ್ಲ. ತುದಿಯಲ್ಲಿ ಮರಕ್ಕೂ ಲೋಹಕ್ಕೂ ನಡುವೆ ಉಗುರು ತಾಗುವಷ್ಟು ಸಂದಿ ಇರುತ್ತದೆ. ನೆಕ್ ಹಿಂದೆ ಮೆತ್ತೆಯಿಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ತೆಳು ಸೂಪರ್ ಗ್ಲೂ ಒಂದು ಹನಿ ಹರಿಸಿ, ಒಣಗುವವರೆಗೆ ಕ್ಲಾಂಪ್ ಹಾಕಿದರೆ ಮುಗಿಯಿತು. ಅಕ್ಕಪಕ್ಕದ ಮರಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿರು. ಹಾಗೂ ಬಗ್ಗದಿದ್ದರೆ ಮಾತ್ರ ಮಾರ್ಕರ್ ಬಳಿದು ಸ್ವಲ್ಪ ಸ್ವಲ್ಪವೇ ಉಜ್ಜಿ, ತಲೆಯನ್ನು ಮತ್ತೆ ದುಂಡಗೆ ಮಾಡಬೇಕು. ಒಂದೆರಡು ಫ್ರೆಟ್ ಆದರೆ ಈ ಕೆಲಸ ಸರಿ. ಐದಾರು ಎತ್ತರವಿದ್ದರೆ ಇಡೀ ನೆಕ್‌ನ ಫ್ರೆಟ್‌ಗಳನ್ನು ಒಂದೇ ಮಟ್ಟಕ್ಕೆ ತರಿಸಬೇಕು. ಅದಕ್ಕೆ ಕೊಡುವ ದುಡ್ಡು ಬಾಸ್‌ನ ಬೆಲೆಯ ದೊಡ್ಡ ಪಾಲಾಗುತ್ತದೆ, ನನ್ನ ಮಟ್ಟಿಗೆ ಅದೂ ವಾಪಸ್ ಪಟ್ಟಿಗೇ ಸೇರುತ್ತದೆ.

ಕೈ ತರಚುವ ತುದಿಗಳಿಗೆ ಇನ್ನೊಂದು ಕಾರಣ ಒಣ ಹವೆ. ಫಿಂಗರ್‌ಬೋರ್ಡ್ (ಫ್ರೆಟ್‌ಗಳು ಕೂತ ಮರದ ಹಲಗೆ) ಒಣಗಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಆಚೆ ಚಾಚಿಕೊಳ್ಳುತ್ತದೆ. ಸಣ್ಣ ಹಲ್ಲಿನ ಅರದಿಂದ ಓರೆಯಾಗಿ ಒಂದೊಂದಾಗಿ ಉಜ್ಜಿ, 400, ಆಮೇಲೆ 800ರ ಸ್ಯಾಂಡ್‌ಪೇಪರ್ ಹಾಕು. ತೇವಾಂಶ ಶೇಕಡ 45ರಿಂದ 55ರೊಳಗಿರುವ ಜಾಗದಲ್ಲಿ ಬಾಸ್ ಇಟ್ಟರೆ ಮತ್ತೆ ಅಷ್ಟಾಗಿ ಕಾಡುವುದಿಲ್ಲ.

ನಿನ್ನ ಶ್ರುತಿಯ ದೂರಿಗೆ ಕಾರಣ ನಟ್ ಅಂತಲೇ ನನ್ನ ಅನುಮಾನ. ಮೂರನೇ ಫ್ರೆಟ್ ಒತ್ತಿ ಮೊದಲ ಫ್ರೆಟ್ ಮೇಲಿನ ಸಂದಿ ನೋಡು: ಒಂದೆರಡು ಹಾಳೆ ತೂರುವಷ್ಟಿದ್ದರೆ ಸಾಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಮೊದಲ ಫ್ರೆಟ್‌ಗಳಲ್ಲಿ ಒತ್ತುವಾಗ ತಂತಿ ಹೆಚ್ಚು ಎಳೆದು ಸ್ವರ ಏರುತ್ತದೆ. ಹನ್ನೆರಡನೇ ಫ್ರೆಟ್‌ನಲ್ಲಿ ಎಷ್ಟೇ ಸರಿಮಾಡಿದರೂ ಇದು ಹೋಗುವುದಿಲ್ಲ. ಗೀರು ತಂತಿಯ ಅಗಲಕ್ಕೆ ತಕ್ಕಷ್ಟೇ ಇರಬೇಕು. ಸಾಮಾನ್ಯ ಸೆಟ್‌ನಲ್ಲಿ ಜಿ ತಂತಿಯಿಂದ ಇ ತಂತಿಯವರೆಗೆ 0.045, 0.065, 0.085, 0.105 ಅಂಗುಲ. ಕೆತ್ತುವಾಗ ತಳ ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿರಲಿ, ತಂತಿ ಬಿಟ್ಟು ಹೊರಡುವ ಜಾಗ ಫ್ರೆಟ್ ಕಡೆಯ ಅಂಚಾಗಿರಲಿ. ಇದು ತಪ್ಪಿದರೆ, ತಂಬೂರಿಯಲ್ಲಿ ಜೀವಾಳ (ತಂತಿಯ ಕೆಳಗಿನ ನೂಲೆಳೆ) ಕೂರಿಸಿ ಬೇಕೆಂದೇ ತರಿಸುವ ಝೇಂಕಾರ ಇಲ್ಲಿ ಬೇಡದೆ ಬಂದು ಕೂರುತ್ತದೆ. ಗೀರು ಆಳವಾಗಿಬಿಟ್ಟಿದ್ದರೆ ಹೊಸ ನಟ್ ಹಾಕುವುದೇ ವಾಸಿ, ಅದೇನು ದುಬಾರಿಯಲ್ಲ.

ಇಂಟೋನೇಶನ್‌ಗೆ ಮುಂಚೆ ತಂತಿ ಬದಲಿಸು. ಪೆಟ್ಟಿಗೆಯಲ್ಲಿ ಬಂದವು ಬಹುಶಃ ಸತ್ತಿರುತ್ತವೆ, ಸತ್ತ ತಂತಿಯ ಶ್ರುತಿ ನಂಬಬಾರದು. ಹೆಚ್ಚುವರಿ ಉದ್ದ ಕತ್ತರಿಸುವಾಗ ಮೊದಲು ಲಂಬಕೋನದಲ್ಲಿ ಮಡಚಿ, ಮಡಿಕೆಯ ಆಚೆ ಕತ್ತರಿಸು. ನೇರವಾಗಿ ಕತ್ತರಿಸಿದರೆ ಮೇಲಿನ ಸುತ್ತು ಬಿಚ್ಚಿಕೊಂಡು ತಂತಿ ಮಂಕಾಗುತ್ತದೆ. ಆಮೇಲೆ ಹನ್ನೆರಡನೇ ಫ್ರೆಟ್ ಮೇಲಿನ ಹಾರ್ಮೋನಿಕ್‌ಗೂ (ತಂತಿಯನ್ನು ಒತ್ತದೆ ಬರೀ ತಾಕಿ ನುಡಿಸಿದ ಸ್ವರಕ್ಕೂ) ಒತ್ತಿ ನುಡಿಸಿದ ಸ್ವರಕ್ಕೂ ಟ್ಯೂನರ್‌ನಲ್ಲಿ ಹೋಲಿಸು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಇನ್ನು ವಿದ್ಯುತ್ ಭಾಗ. ನಿನ್ನದು ಜಾಝ್ ಬಾಸ್ ವಿನ್ಯಾಸದ್ದು: ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರುವಿಕೆಯನ್ನು ವಿದ್ಯುತ್ತಾಗಿಸುವ, ಒಂದೇ ಸುರುಳಿಯ ಭಾಗ), ಎರಡು ವಾಲ್ಯೂಮ್, ಒಂದು ಟೋನ್. ಕರಕರ ಅನ್ನುವ ನಾಬ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಕೊನೆಯಿಂದ ಕೊನೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸು. ಆಗಲೂ ಹೋಗದಿದ್ದರೆ 250 ಕಿಲೋ ಓಮ್‌ನ ಹೊಸ ಪಾಟ್ (ನಾಬ್ ಕೆಳಗಿನ ತಿರುಗುವ ಬಿಡಿಭಾಗ) ಹಾಕು. ಕೇಬಲ್ ಅಲ್ಲಾಡಿಸಿದಾಗ ಸದ್ದು ಬಂದರೆ ಜ್ಯಾಕ್ (ಕೇಬಲ್ ಚುಚ್ಚುವ ಜಾಗ) ಸಡಿಲ. ಹೊರಗಿನಿಂದ ಬರೀ ಜ್ಯಾಕ್‌ನ ನಟ್ ತಿರುಗಿಸಬೇಡ, ಒಳಗೆ ಜ್ಯಾಕ್ ಸುತ್ತಿ ವೈರ್ ತುಂಡಾಗುತ್ತದೆ. ಪ್ಲೇಟ್ ಬಿಚ್ಚಿ ಜ್ಯಾಕ್ ಹಿಡಿದುಕೊಂಡೇ ಬಿಗಿ ಮಾಡು.

ಗುಂಯ್ ಅನ್ನುವ ಹಮ್‌ನಲ್ಲಿ ಮೂರು ಬಗೆ. ತಂತಿ ಮುಟ್ಟಿದಾಗ ಕಡಿಮೆಯಾದರೆ ಅದು ಸಹಜ. ಮುಟ್ಟಿದರೂ ಬದಲಾಗದಿದ್ದರೆ ಬ್ರಿಡ್ಜ್ ಕೆಳಗಿನ ಗ್ರೌಂಡ್ ವೈರ್ ಬಣ್ಣದ ಮೇಲೆ ಕೂತು ಲೋಹ ಮುಟ್ಟುತ್ತಿಲ್ಲ; ಮಲ್ಟಿಮೀಟರ್‌ನಲ್ಲಿ ಬ್ರಿಡ್ಜ್‌ನಿಂದ ಜ್ಯಾಕ್‌ನ ಹೊರಕವಚಕ್ಕೆ ಸೊನ್ನೆಯ ಹತ್ತಿರ ಓಮ್ ಬರಬೇಕು. ಮುಟ್ಟಿದಾಗ ಹೆಚ್ಚಾದರೆ ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆ.

ಪಿಕಪ್ ಬದುಕಿದೆಯೇ ತಿಳಿಯಲು ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯಲ್ಲಿ ಅಳೆ. ಒಂದು ವಾಲ್ಯೂಮ್ ಪೂರ್ತಿ, ಇನ್ನೊಂದು ಸೊನ್ನೆ. ಈ ಬಗೆಯ ಪಿಕಪ್ ಸಾಮಾನ್ಯವಾಗಿ 6.5ರಿಂದ 8 ಕಿಲೋ ಓಮ್ ಒಳಗೆ ತೋರಿಸುತ್ತದೆ. ನೂರು ದಾಟಿದರೆ ನೀನು ಅಳೆಯುತ್ತಿರುವುದು ಪಾಟ್ ಮಾತ್ರ. ಕಾಯಿಲ್ ಅಥವಾ ಅದರ ಬೆಸುಗೆ ಬಿಟ್ಟಿದೆ. ಕೊನೆಗೆ ಎರಡೂ ವಾಲ್ಯೂಮ್ ಪೂರ್ತಿ ಏರಿಸು. ಹಮ್ ಅಡಗಿ ಸದ್ದು ತುಂಬಿ ಬಂದರೆ ಎಲ್ಲ ಸರಿ. ಸದ್ದು ತೆಳುವಾಗಿ ಹಮ್ ಉಳಿದರೆ ಒಂದು ಪಿಕಪ್‌ನ ಎರಡು ವೈರ್ ತಿರುಗುಮುರುಗಾಗಿವೆ, ಬೆಸುಗೆ ಬಿಚ್ಚಿ ಬದಲಿಸು. ಸದ್ದು ತುಂಬಿದ್ದೂ ಹಮ್ ಹೋಗದಿದ್ದರೆ ಒಂದೇ ಥರ ಸುತ್ತಿದ ಎರಡು ಪಿಕಪ್ ಹಾಕಿದ್ದಾರೆ. ಅದು ಬೆಸುಗೆಗೆ ಬಗ್ಗುವಂಥದ್ದಲ್ಲ, ಸಹಿಸಿಕೋ, ಇಲ್ಲವೇ ಮುಂದೊಂದು ದಿನ ಜೋಡಿ ಬದಲಿಸು.

ಸವೆದ ಸ್ಕ್ರೂ ತೂತಿಗೆ ಅಂಟು ಸವರಿದ ಹಲ್ಲುಕಡ್ಡಿ ತುಂಬಿ, ಒಣಗಿಸಿ, ಮತ್ತೆ ಸ್ಕ್ರೂ ಹಾಕಿದರೆ ಹಿಡಿಯುತ್ತದೆ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಸುತ್ತ ಸ್ವರ ಬೇಗ ಸಾಯುವುದನ್ನು ಮಾತ್ರ ದೋಷದ ಪಟ್ಟಿಗೆ ಸೇರಿಸಬೇಡ. ಅದು ನೆಕ್ ತಾನೇ ಅದುರಿ ತಂತಿಯ ಶಕ್ತಿ ಹೀರಿಕೊಳ್ಳುವುದು. ಬಹಳ ಬೆಲೆಯ ಬಾಸ್‌ಗಳಲ್ಲೂ ಇದೆ.

ರಿಲೀಫ್ ಎರಡೂ ಕಡೆ ಎಷ್ಟು, ಹನ್ನೆರಡನೇ ಫ್ರೆಟ್‌ನಲ್ಲಿ ಎತ್ತರ ಎಷ್ಟು, ಯಾವ ಫ್ರೆಟ್‌ಗಳಲ್ಲಿ ಗರಗುಟ್ಟುತ್ತದೆ, ಇಷ್ಟು ಬರೆದು ಕಳಿಸು. ಅರ ಕೊಳ್ಳಬೇಕೋ ಪೆಟ್ಟಿಗೆಗೆ ಟೇಪ್ ಕೊಳ್ಳಬೇಕೋ ಆಗ ಹೇಳುತ್ತೇನೆ.

ನಿನ್ನ ಗೆಳೆಯ