ವಾಷರ್ ಡ್ರೈಯರ್: ಎರಡೂ ತೂಕ ಕೇಳಿ ಕೊಳ್ಳಿ

ಮಾನ್ಯ ಸಂಪಾದಕರೇ,

ಬಟ್ಟೆ ಒಗೆದು ಒಣಗಿಸಿಯೂ ಕೊಡುವ ಯಂತ್ರದ ಮೇಲೆ ದೊಡ್ಡದಾಗಿ 8 ಕೆಜಿ ಅಂತ ಬರೆದಿರುತ್ತದೆ, ಆದರೆ ಅದು ಒಗೆಯುವ ಲೆಕ್ಕ, ಒಣಗಿಸುವುದು ಸಾಮಾನ್ಯವಾಗಿ 5 ಕೆಜಿ ಆಸುಪಾಸು ಮಾತ್ರ. ನಮಗೆ ಇದು ಗೊತ್ತಿರಲಿಲ್ಲ. ಮೊದಲ ದಿನ ತುಂಬಾ ಹಾಕಿ ಹಾಗೇ ಬಿಟ್ಟೆವು. 5 ಗಂಟೆ ಓಡಿದ ಮೇಲೂ ಜೀನ್ಸ್ ಜೇಬು, ಸೊಂಟದ ಪಟ್ಟಿ ತೇವವಾಗಿಯೇ ಇದ್ದವು, ಅಂಗಿಗಳೆಲ್ಲ ಮುದ್ದೆಯಾಗಿದ್ದವು. ಕರೆಂಟೂ ಜಾಸ್ತಿ. ಕೆಲವು ಮಾದರಿಗಳು ಹಬೆ ತಣಿಸಲು ಒಣಗಿಸುವಾಗಲೂ ನೀರು ಎಳೆಯುತ್ತವೆ.

ಹಾಗಂತ ಬೇಡವೇ ಬೇಡ ಅನ್ನುತ್ತಿಲ್ಲ. ಬಟ್ಟೆ ಹರವಲು ಜಾಗವಿಲ್ಲದ ಚಿಕ್ಕ ಮನೆಗೆ, ಕೈಗೂಸು ಇರುವವರಿಗೆ, ಬಿಡದೆ ಮಳೆ ಹಿಡಿದಾಗ ನಿಜಕ್ಕೂ ಉಪಕಾರ. ಸ್ವಲ್ಪ ಸ್ವಲ್ಪ ಹಾಕಿದರೆ ಚೆನ್ನಾಗಿಯೇ ಒಣಗುತ್ತದೆ. ಆದರೆ ಒಣಗಿಸುವ ತೂಕವನ್ನೂ ತಯಾರಕರು ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅಲ್ವಾ?

ಇಂತಿ,
ಒಬ್ಬ ಓದುಗ