ಗಣಪತಿಯ ಕೈಗೆ ಆ ಹಣ ಕೊಡಬೇಡ

ಪಣಜಿ
ಭಾನುವಾರ

ಆಯಿಗೆ ನಮಸ್ಕಾರಗಳು. ನಾನು ಕ್ಷೇಮ. ನಿನ್ನ ಪತ್ರ ಮೊನ್ನೆ ಕೈಸೇರಿತು. ತಮ್ಮ ಗಣಪತಿ ಬಿದ್ದ ಇಸ್ಪೀಟು ಎಲೆಗಳನ್ನು ಎಣಿಸಿ ಗೆಲ್ಲುವುದನ್ನು ಕಲಿತಿದ್ದಾನೆ, ಅಡಿಕೆಯ ಎರಡು ಲಕ್ಷ ಹಿಡಿದು ನಾನು ಎಲೆ ಹಂಚುವ ಈ ಕ್ಯಾಸಿನೊಗೆ ಹೊರಟಿದ್ದಾನೆ ಎಂದು ಓದಿದಾಗಿನಿಂದ ನಿದ್ದೆ ಹತ್ತಿಲ್ಲ. ಅದು ಅಪ್ಪಯ್ಯನ ಕಣ್ಣಿನ ಪೊರೆ ತೆಗೆಸಲು ಇಟ್ಟ ಹಣ.

ಅವನು ಹೇಳಿದ್ದು ಸುಳ್ಳಲ್ಲ. ಬ್ಲ್ಯಾಕ್‌ಜ್ಯಾಕ್ ಎಂದರೆ ಎಲೆಗಳ ಮೊತ್ತವನ್ನು ಇಪ್ಪತ್ತೊಂದರ ಹತ್ತಿರ ತರುವ ಇಸ್ಪೀಟಾಟ. ಅದರಲ್ಲಿ ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡಿಸಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. ಲೆಕ್ಕ ಏರಿತೆಂದರೆ ಉಳಿದ ಎಲೆಗಳಲ್ಲಿ ದೊಡ್ಡವು ಹೆಚ್ಚು, ಅದು ಆಡುವವನಿಗೆ ಅನುಕೂಲ. ಹಾಗಾಗಿ ಲೆಕ್ಕ ಏರಿದಂತೆ ಪಣ ಏರಿಸಬೇಕು. ಎಲೆ ಎಣಿಸುವ ವಿದ್ಯೆಯನ್ನು ಅಮೆರಿಕದ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ಥಾರ್ಪ್ 1962ರಲ್ಲೇ ಪುಸ್ತಕ ಬರೆದು ಊರಿಗೆಲ್ಲ ಹಂಚಿದರು. ಎಂದ ಮೇಲೆ ಮೇಜಿನ ಈಚೆ ನಿಂತ ನಮಗೆ ತಿಳಿಯದೆ ಇರುತ್ತದೆಯೇ? ಒಂದೂ ತಪ್ಪದೆ ಎಣಿಸಿದರೂ ಸಿಗುವುದು ನೂರು ರೂಪಾಯಿ ಪಣಕ್ಕೆ ಒಂದು ರೂಪಾಯಿಯ ಆಸುಪಾಸು, ಅದೂ ಸಾವಿರಾರು ಆಟಗಳ ಸರಾಸರಿ. ಎರಡು ಲಕ್ಷ ಒಂದೇ ರಾತ್ರಿಯಲ್ಲಿ ಹೋಗಬಹುದು. ಗೆದ್ದರೆ ಶೇ 30 ತೆರಿಗೆ. ಸೋತದ್ದನ್ನು ಅದರಲ್ಲಿ ಕಳೆಯಲು ಬರುವುದಿಲ್ಲ.

ಯಾರ ಕಣ್ಣಿಗೂ ಬೀಳದಂತೆ ಆಡುತ್ತೇನೆ ಎಂದನಂತೆ. ದುಡ್ಡನ್ನು ನಮ್ಮ ಕೈಗೆ ಕೊಡದೆ ಮೇಜಿನ ಮೇಲಿಡುವುದು, ಎಲೆ ಬೇಕಾದರೆ ಬೆರಳಿನಿಂದ ಮೇಜು ತಟ್ಟುವುದು, ಸಾಕಾದರೆ ಅಂಗೈ ಆಡಿಸುವುದು, ಹಣದ ಬದಲು ಪಣಕ್ಕೆ ಇಟ್ಟ ಬಿಲ್ಲೆಯನ್ನು ಮತ್ತೆ ಮುಟ್ಟದಿರುವುದು, ಇಷ್ಟನ್ನು ಇಲ್ಲಿ ಎಲ್ಲರೂ ಪಾಲಿಸುತ್ತಾರೆ. ಕಳೆದ ತಿಂಗಳು ನನ್ನ ಮೇಜಿಗೆ ಎಣಿಸಲು ಬಂದ ಒಬ್ಬರೂ ಬಹಳ ಮರ್ಯಾದಸ್ಥರು. ಪಕ್ಕದವರೊಂದಿಗೆ ಮಳೆಯ ಮಾತನಾಡುತ್ತಿದ್ದರು. ಆದರೆ ಎಲೆ ಬಿದ್ದಾಗಲೆಲ್ಲ ಮಾತು ಅರೆಗಳಿಗೆ ತಡೆಯುತ್ತಿತ್ತು. ಒಂದೊಂದೇ ಸಾವಿರ ಇಡುತ್ತಿದ್ದವರು ಎಲೆ ಮುಗಿಯುತ್ತ ಬಂದಾಗ ಒಮ್ಮೆಗೇ ಹತ್ತು ಸಾವಿರ ಇಟ್ಟರು. ಆ ಆಟ ಮುಗಿಯುತ್ತಲೇ ಮೇಲ್ವಿಚಾರಕರು ನನ್ನ ಹಿಂದೆ ಬಂದು ನಿಂತು, "ಕಲಸು" ಎಂದರು. ಆರು ಕಟ್ಟು, 312 ಎಲೆ. ಕಲಸಿದರೆ ಅಲ್ಲಿಯವರೆಗೆ ಎಣಿಸಿದ್ದೆಲ್ಲ ವ್ಯರ್ಥ. ನಾನು ಕಲಸುತ್ತಿದ್ದಾಗ ಆಡುತ್ತಿದ್ದವರು ಬಿಲ್ಲೆಗಳನ್ನು ಬಾಚಿಕೊಂಡರು, ಬೆರಳು ನಡುಗುತ್ತಿತ್ತು. ಬೇರೆ ಆಟ ಆಡಿ ಎಂದು ಮೇಲ್ವಿಚಾರಕರು ಅವರಿಗೆ ನಯವಾಗಿಯೇ ಹೇಳಿದರು. ಗಣಪತಿಯ ಮುಖ ನಿನಗೆ ಗೊತ್ತು. ಬೆಲ್ಲ ಕದ್ದ ದಿನವೂ ಅವನಿಗೆ ಮುಚ್ಚಿಡಲು ಬರಲಿಲ್ಲ.

ಎಣಿಸುವುದು ಕಳ್ಳತನವಲ್ಲ, ಯಾರೂ ಹೊಡೆಯುವುದಿಲ್ಲ, ಆ ಭಯ ಬೇಡ. ಆದರೆ ಅಕ್ಕ ಎಲೆ ಹಂಚುವ ಕಡೆ ತಮ್ಮ ಎಣಿಸಲು ಕುಳಿತರೆ ಇಬ್ಬರೂ ಕೂಡಿ ಮಾಡಿದ್ದು ಎನ್ನುತ್ತಾರೆ. ನನ್ನ ಕೆಲಸ ಹೋಗುತ್ತದೆ.

ಊರಿನವರು ಏನೇ ಅನ್ನಲಿ, ಇದು ಮರ್ಯಾದೆಯ ಕೆಲಸ. ಖಾನಾಪುರದ ಕಡೆ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡೋವಿ. ಅದರ ಮೇಲೆ ನಿಂತ ಕ್ಯಾಸಿನೊ ಹಡಗು ನಮ್ಮದು. ಸಮವಸ್ತ್ರಕ್ಕೆ ಜೇಬಿಲ್ಲ. ಮೇಜು ಬಿಡುವಾಗ ಎರಡೂ ಅಂಗೈ ತಿರುಗಿಸಿ ಕ್ಯಾಮೆರಾಕ್ಕೆ ತೋರಿಸಿಯೇ ಹೊರಡುತ್ತೇವೆ. ರಾತ್ರಿ ಕೋಣೆಯ ಬಾಗಿಲವರೆಗೆ ಗಾಡಿ ಬಿಡುತ್ತದೆ. ಊಟ ಚೆನ್ನಾಗಿದೆ, ಜ್ವರವಿಲ್ಲ, ಕೆಮ್ಮೂ ಇಲ್ಲ. ನನ್ನ ಚಿಂತೆ ಸ್ವಲ್ಪವೂ ಬೇಡ.

ಅಪ್ಪಯ್ಯನ ಆಪರೇಷನ್ನಿಗೆ ಈ ವಾರವೇ ದಿನ ಗೊತ್ತುಮಾಡು. ಹಣ ಕಡಿಮೆ ಬಿದ್ದರೆ ಸಂಬಳ ಬಂದ ದಿನವೇ ಕಳಿಸುತ್ತೇನೆ. ಗಣಪತಿಗೆ ನನಗೆ ಫೋನ್ ಮಾಡಲು ಹೇಳು, ಬಯ್ಯುವುದಿಲ್ಲ. ದೋಣಿಯ ಹೊತ್ತಾಯಿತು.

ನಿನ್ನ ಮಗಳು,
ಸವಿತಾ